ವಿಭೂತಿ ಹಚ್ಚಿದ ರೇಡಿಯೊ, ದೊಡ್ಡಮ್ಮನ ಕಿವಿ

ಈ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ, ಮಧುಗಿರಿಯ ನಮ್ಮ ಮನೆಯಲ್ಲಿ ದೊಡ್ಡಮ್ಮನ ವಾಲ್ವ್ ರೇಡಿಯೊದ ಹಿಂಬದಿಯ ಹಲಗೆ ಬಿಚ್ಚಿದೆ. ವಾರ್ತೆ ಸರಿಯಾಗಿ ಕೇಳಿಸುತ್ತಿಲ್ಲವೆಂದು ಅವರು ಹೇಳತೊಡಗಿ ಕೆಲವು ತಿಂಗಳಾಗಿತ್ತು. ಕೆಟ್ಟಿರುವುದು ಅವರ ಕಿವಿ ಎಂಬುದು ಚಿಕ್ಕಪ್ಪನ ವಾದ. ತುಮಕೂರಿನ ಕಿವಿ ಡಾಕ್ಟರ ಬಳಿ ಆಗಲೇ ಹೆಸರು ಬರೆಸಿ ಬಂದಿದ್ದರು.

"ರೇಡಿಯೋಗೇನಾಗೈತೆ ಅತ್ಗೆ? ಕಿವಿಗೆ ಮಿಷನ್ ಹಾಕ್ಸಾನ ಬನ್ನಿ."

"ನೀನು ಒಳಗೆ ಕುಂತು ಗೊಣಗೋದೂ ನಂಗೆ ಕೇಳ್ತೈತೆ ಕಣಪ್ಪಾ. ಅದು ಬಾಯಿ ಬುಡಾಕಿಲ್ಲ, ನೀನು ನನ್ನ ಕೆಪ್ಪಿ ಮಾಡ್ತೀಯ," ಎಂದರು ದೊಡ್ಡಮ್ಮ.

ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ದನಿ ಪಕ್ಕದ ಮನೆಯಿಂದ ಗೋಡೆ ದಾಟಿ ಬಂದಂತಿತ್ತು. ಮೊದಲು ಎಷ್ಟು ಜೋರಾಗಿತ್ತೆಂಬುದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅದನ್ನು ಕೇಳುತ್ತಿದ್ದವರು ದೊಡ್ಡಮ್ಮ ಒಬ್ಬರೇ. ಅವರ ಕಿವಿಯ ಬಗ್ಗೆ ನಾನು ಹೇಳಬಲ್ಲದ್ದು ಏನೂ ಇರಲಿಲ್ಲ. ರೇಡಿಯೊವನ್ನಾದರೂ ಪರೀಕ್ಷಿಸಬಹುದಿತ್ತು.

ಸಾಮಾನ್ಯವಾಗಿ ಒಳಗಿನ ಗಾಜಿನ ಬುರುಡೆಯಂಥ ವಾಲ್ವ್ ಸವೆದರೆ ದನಿ ಕುಗ್ಗುತ್ತದೆ. ಶಿರಾದ ಗುಜರಿ ಅಂಗಡಿಯಿಂದ ತಂದಿದ್ದ ಅದೇ ಬಗೆಯ ವಾಲ್ವ್ ಹಾಕಿ ನೋಡಿದೆ. ವ್ಯತ್ಯಾಸವಾಗಲಿಲ್ಲ. ಪ್ಲಗ್ ಕಿತ್ತು, ರೇಡಿಯೊದ ಸ್ಪೀಕರಿನ ತಂತಿಗಳನ್ನು ಬಿಡಿಸಿ ಬೇರೊಂದು ಹಳೆಯ ಸ್ಪೀಕರಿಗೆ ಜೋಡಿಸಿದೆ. ಮತ್ತೆ ಹಚ್ಚಿದಾಗ ಚಿಕ್ಕಪ್ಪ ಹಿತ್ತಿಲಿನಿಂದ ಓಡಿಬಂದರು.

"ಯಾರ್ಲಾ ಮೈಕ್ ಹಾಕ್ದೋರು?"

ಅಲ್ಲಿಗೆ ದೋಷ ಸ್ಪೀಕರಿನಲ್ಲಿದೆ ಎಂದಾಯಿತು. ಅದನ್ನು ಕಳಚಿದೆ. ಅದರ ಮುಂಬದಿಗೆ ಬಿಗಿದಿದ್ದ ಬಟ್ಟೆ ಗಾರೆ ಮೆತ್ತಿದಂತೆ ಗಟ್ಟಿಯಾಗಿತ್ತು. ಹಿಂದಿದ್ದ ಕಾಗದದ ಬಟ್ಟಲಿನ ಮೇಲೆ ಬೂದುಬಿಳಿ ಪುಡಿ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗೆ ಕರಕರ ಎಂದಿತು. ಮೊದಲು ಸುಣ್ಣವೆಂದುಕೊಂಡೆ. ಮೂಸಿದರೆ ಪರಿಚಿತ ವಾಸನೆ.

"ದೊಡ್ಡಮ್ಮ, ಇದಕ್ಕೆ ವಿಭೂತಿ ಹಚ್ತೀರಾ?"

"ಇನ್ನೇನು? ವರ್ಸಾ ವರ್ಸಾ ಆಯುಧಪೂಜೆಗೆ ನೀರಾಗೆ ಕಲಸಿ ಮೂರು ಗೆರೆ ಎಳೀತೀನಿ."

"ಬಟ್ಟೆ ಮೇಲೆ ಯಾಕೆ? ಪಕ್ಕದ ಮರಕ್ಕೆ ಹಚ್ಚಬಾರದಾ?"

"ಮಾತಾಡೋದು ಆ ಕಡೆಯಿಂದ ತಾನೆ? ಮುಖಕ್ಕೆ ಇಕ್ಕದೆ ಬೆನ್ನಿಗೆ ಇಕ್ತಾರೇನ್ಲಾ?"

ಹಳೆಯ ಗೆರೆ ಒರೆಸುವ ಪದ್ಧತಿ ಅವರಲ್ಲಿರಲಿಲ್ಲ. ಪದರದ ಮೇಲೆ ಪದರ ಕೂತು, ಒಣಗಿ ಉದುರಿದ ಪುಡಿ ಅಯಸ್ಕಾಂತಕ್ಕೂ ಬಟ್ಟಲನ್ನು ಅಲುಗಿಸುವ ತಂತಿಯ ಸುರುಳಿಗೂ ನಡುವಿನ ಸಣ್ಣ ಸಂದಿಗೆ ಇಳಿದಿತ್ತು. ಸುರುಳಿ ಅಲುಗಲಾಗದೆ ದನಿ ಅಡಗುತ್ತಿತ್ತು. ಕಾಗದದ ಪಟ್ಟಿಗೆ ಅಂಟುಟೇಪು ಸುತ್ತಿ ಸಂದಿಯೊಳಗೆ ಆಡಿಸಿದೆ. ಟೇಪು ಬಿಳಿಯಾಗಿ ಹೊರಬಂತು. ಪಟ್ಟಿ ಬದಲಾಯಿಸುತ್ತ ಮಧ್ಯಾಹ್ನದವರೆಗೆ ಕೂತೆ. ಬಟ್ಟೆಯನ್ನು ದೊಡ್ಡಮ್ಮನೇ ಸೀಗೆಪುಡಿ ಹಾಕಿ ಒಗೆದರು.

ಸಂಜೆ ಎಲ್ಲ ಜೋಡಿಸಿ ಹಾಕಿದಾಗ, ಗುಂಡಿಯನ್ನು ಅರ್ಧ ತಿರುಗಿಸಿದ್ದಕ್ಕೇ ವಾರ್ತೆ ಬೀದಿಗೆ ಕೇಳಿಸಿತು.

"ಈಗೇಳಪ್ಪಾ, ಯಾರು ಕೆಪ್ಪಿ?" ಎಂದರು ದೊಡ್ಡಮ್ಮ.

"ಹೆಸ್ರು ಬರ್ಸೈತಲ್ಲ ಅತ್ಗೆ, ಒಂದ್ಸಲ ಹೋಗ್ಬಂದ್ಬುಡಾನ," ಎಂದರು ಚಿಕ್ಕಪ್ಪ.

ಮುಂದಿನ ವಾರ ಇಬ್ಬರೂ ತುಮಕೂರಿಗೆ ಹೋಗಿಬಂದರು. ಬಲಗಿವಿ ಸರಿಯಿದೆ, ಎಡಗಿವಿ ಮಂದವಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಮಿಷನ್ ಬೇಕೋ ಬೇಡವೋ ಎಂಬುದನ್ನು ಇನ್ನೊಮ್ಮೆ ನೋಡಿ ತಿಳಿಸುತ್ತಾರಂತೆ. ಸದ್ಯ ದೊಡ್ಡಮ್ಮ ಕುರ್ಚಿ ತಿರುಗಿಸಿಕೊಂಡು, ರೇಡಿಯೊ ಬಲಕ್ಕೆ ಬರುವಂತೆ ಕೂರುತ್ತಾರೆ.