ಗೂಡ್ಸ್ ಹೋಗುವ ತನಕ

ಕಲಬುರಗಿಯ ಪಬ್ಲಿಕ್ ಗಾರ್ಡನ್ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿ ಒಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ನೋಡದೇ ಇರುವ ತೋಟದ ಮೇಲೆ ಇಷ್ಟು ಸಿಟ್ಟು ಸಾಧ್ಯವೇ ಎಂದರೆ, ನನ್ನಂಥವನಿಗೆ ಸಾಧ್ಯ.

ನಾನು ವಾಡಿಯವನು. ನಮ್ಮೂರಲ್ಲಿ ವಾಕಿಂಗ್ ಎಂದರೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು. ನೆಲ ಸಪಾಟು, ನಾಯಿಗಳು ಪರಿಚಯದವು, ಕೈ ಚಾಚಿದರೆ ಚಹಾ. ನಾನು ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಗೆಳೆಯ ಸೇಡಂನ ಒಂದು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದ. ಇಬ್ಬರಿಗೂ ಒಂದೇ ಗಾಡಿ, ಇಬ್ಬರ ಜೇಬಿನಲ್ಲೂ ತಿಂಗಳ ಪಾಸು. ಗಾಡಿಯ ಹೊತ್ತಿಗಿಂತ ಒಂದು ತಾಸು ಮೊದಲೇ ಬಂದು, ಊಟದ ಡಬ್ಬಿಗಳನ್ನು ಚಹಾದವನ ಹತ್ತಿರ ಇಟ್ಟು, ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆವು. ಹೀಗೆ ಹನ್ನೊಂದು ವರ್ಷ ನಡೆದೆವು. ನಾನು ನನ್ನ ಶುಗರ್, ಬಿಪಿ, ಬಾವಿಯ ನೀರು, ಮಗನ ಹಲ್ಲು, ಗೋಡೆಯ ಬಿರುಕು ಎಂದು ಚಿಂತೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೆ. ಅವನು ಕೇಳುತ್ತಿದ್ದ.

ಪ್ಲಾಟ್‌ಫಾರ್ಮಿನ ಮೇಲೆ ಮಾತಾಡುವುದಕ್ಕೆ ಒಂದು ರೀತಿಯಿದೆ. ಕಲ್ಲಿದ್ದಲಿನದೋ ಸಿಮೆಂಟಿನದೋ ಗೂಡ್ಸ್ ಬಂತೆಂದರೆ ಎದುರಿನವನ ಮಾತು ಕೇಳುವುದಿಲ್ಲ. ಹಾಗಾಗಿ ವಾಡಿಯವರು ಕಿರುಚುವ ಗೋಜಿಗೆ ಹೋಗುವುದಿಲ್ಲ, ಇದ್ದಲ್ಲಿಯೇ ಮಾತು ನಿಲ್ಲಿಸುತ್ತಾರೆ. ಐವತ್ತೋ ಅರವತ್ತೋ ಡಬ್ಬಿ ಸರಿದು, ಕೊನೆಗೆ ಗಾರ್ಡಿನ ಡಬ್ಬಿಯೂ ದಾಟಿದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಾರೆ. ಇದರಲ್ಲಿ ನನ್ನ ಗೆಳೆಯನಷ್ಟು ಪಳಗಿದವನು ಊರಲ್ಲಿ ಇನ್ನೊಬ್ಬನಿಲ್ಲ. ‘ನಮ್ಮ ಮ್ಯಾನೇಜರ್ ನಿನ್ನಿ ಊಟಕ್ಕ’ ಎನ್ನುವಲ್ಲಿ ಗೂಡ್ಸ್ ಬಂದರೆ, ಅದು ಹೋದ ಮೇಲೆ ‘ಕುಂತಾಗ’ ಎಂದೇ ಶುರುಮಾಡುತ್ತಿದ್ದ. ಈ ನಡುವೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಅವನ ಅರ್ಧ ವಾಕ್ಯ ಕಾಯುವುದು ನನ್ನ ಕೆಲಸ.

ಹೋದ ವರ್ಷ ಅವನಿಗೆ ಕಲಬುರಗಿಗೆ ವರ್ಗವಾಯಿತು, ಮನೆಯನ್ನೂ ಅಲ್ಲಿಗೇ ಸಾಗಿಸಿದ. ‘ಒಂದ್ ವರ್ಷ ತಡಿ, ವಾಪಸ್ ಅರ್ಜಿ ಹಾಕ್ತೀನಿ’ ಎಂದು ಹೋದವನು, ಆಮೇಲೆ ಫೋನು ಮಾಡಿದಾಗಲೆಲ್ಲ ಗಾರ್ಡನ್ನಿನ ಸುದ್ದಿಯನ್ನೇ ಹೇಳುತ್ತಿದ್ದ. ಅಲ್ಲಿ ಗುಲಾಬಿ ಬಿಟ್ಟಿವೆ, ಅಲ್ಲಿ ನೆರಳು ಛಲೋ ಅದ, ಅಲ್ಲಿ ಒಬ್ಬರು ರಿಟೈರ್ಡ್ ಇಂಜಿನಿಯರ್ ಭಾಳ ಛಲೋ ಮನುಷ್ಯ. ಗುಲಾಬಿ, ನೆರಳುಗಳನ್ನು ಹೇಗೋ ಸಹಿಸಿದೆ. ಇಂಜಿನಿಯರನ್ನು ಸಹಿಸುವುದು ಆಗಲಿಲ್ಲ.

ಶಿವರಾತ್ರಿ ಮುಗಿದು ಹೋಳಿ ಹತ್ತಿರ ಬಂತು. ಅರ್ಜಿ ಕೊಡಲು ಉಳಿದದ್ದು ಆ ತಿಂಗಳು ಮಾತ್ರ. ಫೋನಿನಲ್ಲಿ ಕೇಳಲು ಧೈರ್ಯವಾಗದೆ ಒಂದು ಭಾನುವಾರ ಬೆಳಗಿನ ಗಾಡಿ ಹತ್ತಿದೆ. ಎದುರಿಗೆ ಕೇಳಲು ಧೈರ್ಯ ಬರುತ್ತದೆಂದು ಯಾಕೆ ಅಂದುಕೊಂಡೆನೋ ತಿಳಿಯದು.

ಗಾರ್ಡನ್ ಚೆನ್ನಾಗಿತ್ತು. ಅದೇ ನನಗೆ ಬೇಸರ ತಂದದ್ದು. ಬೇವಿನ ಗಿಡಗಳು ಹಳೆಯ ಎಲೆಗಳನ್ನೆಲ್ಲ ಉದುರಿಸಿ, ಎಣ್ಣೆ ಹಚ್ಚಿದಂಥ ಕೆಂಪು ಚಿಗುರು ಬಿಟ್ಟಿದ್ದವು. ಮೂಲೆಯಲ್ಲೊಂದು ಮುತ್ತುಗ ಎಲೆಯೇ ಇಲ್ಲದೆ ಬರೀ ಹೂವಾಗಿ ನಿಂತಿತ್ತು. ಎಲ್ಲಿಂದಲೋ ಮಾವಿನ ಹೂವಿನ ವಾಸನೆ. ಕೂರುವ ಕಲ್ಲುಗಳು ಮಾತ್ರ ನಮ್ಮ ಕಡೆಯವು, ಶಹಾಬಾದಿನ ಫರಸಿ. ನಮ್ಮ ಕಲ್ಲುಗಳೂ ಇಲ್ಲಿಗೆ ಬಂದು ನೆರಳು ಹಿಡಿದು ಕೂತಿವೆಯಲ್ಲ ಎನ್ನಿಸಿತು. ವಾಡಿಯಲ್ಲಿ ಸಿಮೆಂಟಿನ ಧೂಳು ಒರೆಸದೆ ಎಲ್ಲಿಯೂ ಕೂರುವಂತಿಲ್ಲ; ಆ ಅಭ್ಯಾಸಬಲದಿಂದ ಕರವಸ್ತ್ರ ತೆಗೆದು ಒಂದು ಕಲ್ಲನ್ನು ಎರಡು ಸಲ ಒರೆಸಿದೆ. ಕರವಸ್ತ್ರಕ್ಕೆ ಏನೂ ಹತ್ತಲಿಲ್ಲ. ಯಾರಾದರೂ ನೋಡಿದರೇನೋ ಎಂದು ಬೆವರು ಒರೆಸಿಕೊಂಡವನಂತೆ ನಟಿಸಿದೆ.

ಗೆಳೆಯ ದೂರದಿಂದಲೇ ಕೈ ಎತ್ತಿದ. ಜೊತೆಗೆ ಇಂಜಿನಿಯರರಿದ್ದರು. ಎತ್ತರದ ಆಳು, ಬಿಳಿ ಬೂಟು, ಕೈಯಲ್ಲಿ ಮೊಳಕೆ ಹೆಸರುಕಾಳಿನ ಸ್ಟೀಲ್ ಡಬ್ಬಿ.

‘ಏನಲೇ, ಸೊರಗೀದಿ?’ ಎಂದ ಗೆಳೆಯ.

‘ಒಬ್ನೇ ನಡೀತೀನಲ್ಲ, ಅದಕ್ಕ’ ಎಂದೆ.

‘ಬರ್ರಿ ಬರ್ರಿ, ನಿಮ್ಮ ಸುದ್ದಿ ದಿನಾ ಆಗ್ತದ್ರಿ’ ಎಂದು ಇಂಜಿನಿಯರರು ಡಬ್ಬಿ ಮುಂದೆ ಹಿಡಿದರು. ಕಾಳಿಗೆ ನಿಂಬೆಹುಳಿ ಹದವಾಗಿ ಬಿದ್ದಿತ್ತು. ಮನುಷ್ಯ ನಿಜವಾಗಿಯೂ ಒಳ್ಳೆಯವರು. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಮೂವರೂ ನಡೆಯತೊಡಗಿದೆವು. ಹನ್ನೊಂದು ವರ್ಷ ನಾನು ನಡೆದದ್ದು ಅವನ ಬಲಕ್ಕೆ. ಈಗ ಆ ಜಾಗದಲ್ಲಿ ಬಿಳಿ ಬೂಟುಗಳಿದ್ದವು. ನಾನು ಎಡಕ್ಕೆ, ಅರ್ಧ ದಾರಿಯ ಮೇಲೆ ಅರ್ಧ ಹುಲ್ಲಿನ ಮೇಲೆ ನಡೆಯುತ್ತಿದ್ದೆ. ಎರಡನೆಯ ಸುತ್ತಿನಲ್ಲಿ ಗೆಳೆಯ ತಾನಾಗಿಯೇ ಆ ಮಾತು ತೆಗೆದ.

‘ನೋಡು, ಆ ಅರ್ಜಿ ವಿಷಯ. ನಾ ಈ ಸಲ’

ಅಷ್ಟರಲ್ಲಿ ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗುರ್ ಎಂದು ಶುರುವಾಯಿತು. ಅವನು ಮಾತು ನಿಲ್ಲಿಸಿದ. ನಾನು ಕಾದೆ. ಎಷ್ಟೋ ತಿಂಗಳ ಮೇಲೆ ಕಾಯುತ್ತಿದ್ದೆ, ಸುಖವೆನಿಸಿತು. ಆದರೆ ಇಂಜಿನಿಯರರಿಗೆ ಮಾತು ಮುಗಿದಂತೆ ಕಂಡಿತು. ಯಂತ್ರದ ಮೇಲೆ ದನಿ ಎತ್ತರಿಸಿ ಮುತ್ತುಗದ ಹೂವಿನಿಂದ ಹೋಳಿಯ ಬಣ್ಣ ಮಾಡುವ ಬಗೆ ವಿವರಿಸತೊಡಗಿದರು. ಯಂತ್ರ ನಿಂತರೂ ಅವರು ನಿಲ್ಲಲಿಲ್ಲ. ಗೆಳೆಯ ಒಮ್ಮೆ ಬಾಯಿ ತೆರೆದ, ಮತ್ತೆ ಮುಚ್ಚಿದ. ‘ಈ ಸಲ’ ಅಲ್ಲಿಯೇ ಉಳಿಯಿತು.

ಅವನು ನೀರು ಕುಡಿಯಲು ನಲ್ಲಿಯ ಕಡೆ ಹೋದಾಗ ಇಂಜಿನಿಯರರು ನನ್ನ ಹತ್ತಿರ ಸರಿದರು.

‘ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಇವ್ರು ನಡು ನಡುಕ ಮಾತು ನಿಲ್ಲಸ್ತಾರ, ನೋಡೀರೇನು? ಶೂನ್ಯ ನೋಡ್ಕೋತ ನಿಂತ್ ಬಿಡ್ತಾರ್ರಿ. ಎದಿದೇನರ ತ್ರಾಸ ಅದ ಏನ್ರಿ?’

ಉತ್ತರ ನನಗೆ ಗೊತ್ತಿತ್ತು, ಒಂದೇ ಸಾಲಿನಲ್ಲಿ ಹೇಳಬಹುದಿತ್ತು. ಹೇಳಿಬಿಟ್ಟರೆ ನಾಳೆಯಿಂದ ಇವರೂ ಕಾಯುವುದನ್ನು ಕಲಿಯುತ್ತಾರೆ. ಆಮೇಲೆ ನನ್ನ ಪಾಲಿಗೆ ಏನುಳಿಯಿತು?

‘ಗೊತ್ತಿಲ್ರಿ’ ಎಂದೆ. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ‘ಯಾವುದಕ್ಕೂ ಒಮ್ಮೆ ಡಾಕ್ಟರಿಗಿ ತೋರ್ಸದು ಛಲೋ.’

ಹೊರಡುವಾಗ ಇಂಜಿನಿಯರರೂ ಸ್ಟೇಷನ್ ತನಕ ಬಂದರು. ಅರ್ಜಿಯ ಮಾತು ಮತ್ತೆ ಏಳಲಿಲ್ಲ. ಗಾಡಿ ಶಹಾಬಾದ್ ದಾಟುವ ಮೊದಲೇ ಚಿಂತೆ ಶುರುವಾಯಿತು. ಅವನಿಗೆ ನಿಜವಾಗಿಯೂ ಎದೆಯ ತ್ರಾಸ ಇದ್ದರೆ? ಹನ್ನೊಂದು ವರ್ಷ ಅವನು ಮಾತು ನಿಲ್ಲಿಸಿದ್ದು ಗೂಡ್ಸಿಗೇ ಎಂದು ಹೇಗೆ ಹೇಳುವುದು? ವಾಡಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ಎದೆಯಲ್ಲೇ ಏನೋ ಚುಚ್ಚಿದಂತಾಯಿತು.

ಮಂಗಳವಾರ ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬನೇ ನಡೆಯುತ್ತಿದ್ದಾಗ ಅವನ ಫೋನು ಬಂತು.

‘ಏನ್ ಹಚ್ಚಿ ಹೋಗೀದಲೇ ಆ ಮನಶ್ಯಾಗ? ನಿನ್ನಿ ಜಬರ್ದಸ್ತಿ ದವಾಖಾನಿಗಿ ಒಯ್ದು ಇಸಿಜಿ ತೆಗಿಸ್ಯಾರ.’

‘ಏನ್ ಬಂತು?’ ನನ್ನ ದನಿ ಏರಿತ್ತು.

‘ಏನ್ ಬರ್ತದ? ನಾರ್ಮಲ್. ನಿನಗ ಖರೇ ಗೊತ್ತಿರಲಿಲ್ಲೇನು ನಾ ಯಾಕ ನಿಲ್ತೀನಂತ?’

ಕೇಳಿ ಅವನೇ ನಕ್ಕ. ಅವನ ಹಿಂದೆ ಹಕ್ಕಿಗಳ ಗದ್ದಲ ಕೇಳುತ್ತಿತ್ತು. ಗಾರ್ಡನ್ನಿನಲ್ಲೇ ಇದ್ದ.

‘ಇರಲಿ. ಅವತ್ತಿನ ಮಾತು ಅರ್ಧಕ್ಕ ಉಳೀತು. ಆ ಅರ್ಜಿ, ನಾ ಈ ಸಲ’

ಶಹಾಬಾದ್ ಕಡೆಯಿಂದ ಗೂಡ್ಸ್ ನುಗ್ಗಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಸದ್ದು ಪೂರ್ತಿ ಮುಚ್ಚಿಕೊಳ್ಳುವ ಮೊದಲು ಅವನು ಪಕ್ಕದವರಿಗೆ ಹೇಳಿದ್ದು ಕೇಳಿಸಿತು:

‘ತಡೀರಿ ಸರ, ಅಲ್ಲಿ ಗೂಡ್ಸ್ ಹೊಂಟದ.’

ಅಂದರೆ ಹೇಳಿಬಿಟ್ಟಿದ್ದ. ನಾನು ಮುಚ್ಚಿಟ್ಟದ್ದನ್ನು ಅವನೇ ಬಿಚ್ಚಿ ಕೊಟ್ಟಿದ್ದ. ಡಬ್ಬಿಗಳು ಒಂದರ ಹಿಂದೊಂದು ಸರಿದವು. ಕಲಬುರಗಿಯಲ್ಲಿ ಚಿಗುರಿದ ಬೇವಿನ ಕೆಳಗೆ ಇಬ್ಬರು, ವಾಡಿಯಲ್ಲಿ ತಗಡಿನ ಕೆಳಗೆ ನಾನು, ಮೂವರೂ ಬಾಯಿ ಮುಚ್ಚಿ ನಿಂತಿದ್ದೆವು. ಗಾರ್ಡಿನ ಡಬ್ಬಿ ದಾಟಿತು.

‘ಕೊಡಂಗಿಲ್ಲ’ ಎಂದ ಗೆಳೆಯ, ಬಿಟ್ಟಲ್ಲಿಂದಲೇ. ‘ಇಲ್ಲಿ ಮನಸ್ ಹತ್ಯದ. ನೀ ಸಿಟ್ಟಿಗೇಳಬ್ಯಾಡ.’

‘ಸಿಟ್ಟು ಯಾಕ’ ಎಂದೆ. ಮುಂದಿನದು ಹೊಳೆಯಲಿಲ್ಲ. ಅವನಿಗೂ ಹೊಳೆದಂತೆ ಕಾಣಲಿಲ್ಲ. ಆ ಸುಮ್ಮನಿರುವಿಕೆಯ ನಡುವೆ ಹಿಂದಿನಿಂದ ಇಂಜಿನಿಯರರ ದನಿ, ಬಹಳ ಮರ್ಯಾದೆಯಿಂದ, ಮೆಲ್ಲಗೆ ಕೇಳಿತು:

‘ಹೋಯ್ತೇನ್ರಿ ಗಾಡಿ? ಈಗ ಮಾತಾಡಬಹುದೇನ್ರಿ?’

ನಾನು ಹಳಿಗಳ ಮೇಲೆ ಎರಡೂ ಕಡೆ ಕಣ್ಣು ಹಾಯಿಸಿದೆ. ಕಣ್ಣಿಗೆ ಕಾಣುವಷ್ಟು ದೂರ ಖಾಲಿಯಿತ್ತು.

‘ಇನ್ನೊಂದು ಬರ್ಲಿಕತ್ತದ’ ಎಂದೆ ಗೆಳೆಯನಿಗೆ. ‘ತಡೀರಿ ಅನ್ನು.’