ಕುಕ್ಕರಿಗೆ ಹಾಕಿದ ಬೋಲ್ಟು

ನಮ್ಮಕ್ಕನ ಎಡಗಣ್ಣು ಹೋಯಿತು. ಹೋದದ್ದು ಒಂದು ಬೋಲ್ಟಿನಿಂದ.

ಹೊಸದುರ್ಗದಲ್ಲಿ ನನ್ನ ಭಾವನದು ಮೋಟಾರ್ ವೈಂಡಿಂಗ್ ಅಂಗಡಿ. ಫ್ಯೂಸ್ ಜಾಗಕ್ಕೆ ದಪ್ಪ ತಾಮ್ರದ ತಂತಿ ಕಟ್ಟಿ, ಬೋರ್‌ವೆಲ್ ಮೋಟಾರ್ ಸುಟ್ಟುಕೊಂಡು ಬರುವವರಿಂದಲೇ ಆ ಅಂಗಡಿ ನಡೆಯುವುದು. ಬಂದವರಿಗೆಲ್ಲ ಭಾವ ಬೈಯುತ್ತಾರೆ. "ಲೇ, ಕರಗ್ಲಿ ಅಂತಾನೇ ಅಲ್ವೇನಪ್ಪ ಫ್ಯೂಸ್ ಇರೋದು?"

ಇಂಥ ಭಾವನ ಮನೆಯಲ್ಲೇ ಕುಕ್ಕರಿನ ಸೇಫ್ಟಿ ವಾಲ್ವ್ ಪದೇ ಪದೇ ಹೋಗುತ್ತಿತ್ತು. ಅಕ್ಕನಾದರೂ ಏನು ಮಾಡಿಯಾಳು? ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಂತೆಂದರೆ ಒಲೆಯ ಮೇಲಿದ್ದದ್ದನ್ನು ಬಿಟ್ಟು ಬಿಂದಿಗೆ ಹಿಡಿದು ಓಡಬೇಕು. ಅಷ್ಟರಲ್ಲಿ ಕುಕ್ಕರ್ ತಳ ಹಿಡಿದು, ವಾಲ್ವಿನ ನಡುವಿನ ಚೂರು ಲೋಹ ಕರಗಿ, ಹಬೆ ಬುಸ್ಸೆಂದು ಹೊರಗೆ ನುಗ್ಗುತ್ತಿತ್ತು. (ಆ ಲೋಹವನ್ನು ಬೇಗ ಕರಗಲೆಂದೇ ಬೆರೆಸಿ ಮಾಡಿರುತ್ತಾರೆ. ತವರ, ಸೀಸದ ಜೊತೆ ಬೇರೆ ಕೆಲವನ್ನು ಸೇರಿಸಿದರೆ ಬಿಸಿನೀರಿನಲ್ಲೇ ಕರಗುವ ಲೋಹವೂ ಸಿಗುತ್ತದಂತೆ!)

"ಇದೊಂದು ದಿನಾ ಗೋಳಾತಲ್ಲ" ಎಂದು ಭಾವ ವಾಲ್ವನ್ನೇ ಕಿತ್ತು ಆ ತೂತಿಗೆ ಬೋಲ್ಟು ಬಿಗಿದರು. "ಪರ್ಮನೆಂಟ್ ಆತು ನೋಡು" ಎಂದರಂತೆ.

ಆಮೇಲೊಂದು ದಿನ ಹುರುಳಿಕಾಳಿನ ಸಿಪ್ಪೆ ವಿಷಲ್ಲಿನ ತೂತಿಗೆ ಸಿಕ್ಕಿಕೊಂಡಿತು. ಹಬೆಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ. ಇಷ್ಟು ಹೊತ್ತಾದರೂ ಕುಕ್ಕರ್ ಯಾಕೆ ಕೂಗಲಿಲ್ಲ ಎಂದು ಅಕ್ಕ ಬಗ್ಗಿ ನೋಡಿದಳು.

ಆಗಲೇ ಕುಕ್ಕರ್ ಸಿಡಿಯಿತು.

ಆಸ್ಪತ್ರೆಯ ವರಾಂಡದಲ್ಲಿ ಭಾವ ತಲೆ ಚಚ್ಚಿಕೊಂಡು ಅತ್ತರು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಊರವರ ಮೋಟಾರಿಗೆ ಹೇಳುವ ಬುದ್ಧಿ ಹೆಂಡತಿಯ ಅಡುಗೆಮನೆಗೆ ಬೇಡವೇ? ತಾನು ಹಾಳಾಗಿ ನಮ್ಮನ್ನು ಉಳಿಸುವ ವಸ್ತುವನ್ನು ಕಂಡರೆ ನಮಗೇಕೆ ಇಷ್ಟು ಅಸಹನೆ? ನಿಮ್ಮ ಮನೆಯ ಕುಕ್ಕರ್ ಮುಚ್ಚಳವನ್ನೂ ಒಮ್ಮೆ ನೋಡಿಬಿಡಿ. ಫ್ಯೂಸ್ ಬಾಕ್ಸನ್ನೂ.

ಅಕ್ಕ ಮನೆಗೆ ಬಂದ ದಿನ ನಾನೂ ಜೊತೆಗಿದ್ದೆ. ಎಡಗಣ್ಣಿಗೆ ಬ್ಯಾಂಡೇಜ್, ಕೆನ್ನೆ ತುಂಬ ಸುಟ್ಟ ಗಾಯ. ಅವಳಿಗೆ ಸೆಕೆಯಾಗದಿರಲೆಂದು ಭಾವ ಅಂಗಡಿಯಿಂದ ಹಳೇ ಕೂಲರ್ ತಂದು ಹಾಕಿದರು. ಸ್ವಿಚ್ ಒತ್ತಿದ್ದೇ ತಡ, ಫಟ್ ಎಂದು ಮನೆಯ ಫ್ಯೂಸ್ ಹೋಯಿತು. ಭಾವ ಜೇಬಿನಿಂದ ತಾಮ್ರದ ತಂತಿ ತೆಗೆದು ದಪ್ಪಗೆ ಹೊಸೆಯತೊಡಗಿದರು.

"ಇನ್ ಹೋಗಲ್ಲ ಬಿಡು" ಎಂದರು.

ಅಕ್ಕ ಮಲಗಿದ್ದಲ್ಲಿಂದಲೇ ಅಂದಳು: "ಇನ್ನೊಂದು ಕಣ್ಣೈತೆ ಕಣ್ರೀ, ಅದನ್ನಾದ್ರೂ ಬಿಡ್ರಿ."