ಬೇಡವಾದ ವರನ ಪಾತ್ರ

ಏಳು ವರ್ಷದ ಹಿಂದಿನ ಮಾತು. ಅರಸೀಕೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಮೆರಾ ಹಿಡಿದವನು ಅಷ್ಟು ಹೊತ್ತಿಗೆ ನಲವತ್ತು ವರ್ಷ ಅದೇ ಕೆಲಸದಲ್ಲಿ ಕಳೆದಿದ್ದೆ. ಪ್ರಿ-ವೆಡ್ಡಿಂಗ್ ಶೂಟ್ ಆಗ ನಮ್ಮ ಕಡೆಗೂ ಬಂದಿತ್ತು. ಮದುವೆಗೆ ಮೊದಲು ಗಂಡು ಹೆಣ್ಣು ಇಬ್ಬರನ್ನೂ ಎಲ್ಲಾದರೂ ಕರೆದೊಯ್ದು ಹತ್ತು ನಿಮಿಷದ ಚಿತ್ರ ತೆಗೆದು, ಆರತಕ್ಷತೆಯ ಸಂಜೆ ಛತ್ರದ ಪರದೆಯ ಮೇಲೆ ತೋರಿಸುವುದು. ಬೇರೆಯವರು ಹಾಡು ಹಾಕಿ ಕೈ ಹಿಡಿಸಿ ನಡೆಸುತ್ತಿದ್ದರು. ನಾನು ಕಥೆ ಮಾಡುತ್ತಿದ್ದೆ. ನನಗೆ ಹೆಸರು ಬಂದದ್ದು ಅದರಿಂದ.

ಕಥೆ ಯಾವಾಗಲೂ ಒಂದೇ. ದೊಡ್ಡ ಮನೆ, ದೊಡ್ಡ ಕಾರು, ಶ್ರೀಮಂತರ ಹಟಮಾರಿ ಮಗಳು. ಜೇಬು ಖಾಲಿಯಾದರೂ ಮಾತಿನಲ್ಲಿ ಗೆಲ್ಲುವ ಹುಡುಗ. ಗುಡುಗುವ ಅಪ್ಪ, ಎಲ್ಲವನ್ನೂ ಬಲ್ಲ ಮನೆಯಾಳು. ಇವರ ಜೊತೆಗೆ ಅಪ್ಪ ಹುಡುಕಿದ ವರ: ಕೋಟು ತೊಟ್ಟು, ಹೂಗುಚ್ಛ ಹಿಡಿದು ಬಂದು, ಕೊನೆಗೆ ಯಾರಿಗೂ ಬೇಡವಾಗುವ ಗಂಡು. ನಗು ಬರುವುದು ಅವನಿಂದಲೇ. ಅವನೊಬ್ಬ ಸರಿಯಾಗಿ ಸಿಕ್ಕರೆ ಚಿತ್ರ ಗೆದ್ದಂತೆ. ಪಾತ್ರಗಳನ್ನು ಮನೆಯವರಿಗೇ ಹಂಚುತ್ತಿದ್ದೆ, ನೆಂಟರು ತಮ್ಮವರನ್ನು ನೋಡಿ ನಗಲಿ ಎಂದು.

ಆ ವರ್ಷ ಊರಿನ ಕೊಬ್ಬರಿ ವ್ಯಾಪಾರಿ ಶಿವಣ್ಣನವರ ಮಗಳು ಶ್ವೇತಾಳಿಗೆ ಬೇಲೂರಿನ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಕಥೆಯ ಶ್ರೀಮಂತರ ಮನೆಗೆಂದು ಅರೇಹಳ್ಳಿ ಹತ್ತಿರ ಒಂದು ಎಸ್ಟೇಟ್ ಬಂಗಲೆ ಒಂದು ಬೆಳಗಿನ ಮಟ್ಟಿಗೆ ಸಿಕ್ಕಿತು. ಕೊನೆಯ ದೃಶ್ಯಕ್ಕೆ ಹಳೇಬೀಡಿನ ಕೆರೆ ಏರಿ. ಕಾರು ಓಡಿಸಲು ಜಾವಗಲ್‌ನಿಂದ ಬಸವರಾಜು ಬಂದಿದ್ದ. ಶಿವಣ್ಣನವರ ಅಕ್ಕ ಪಾರ್ವತಮ್ಮನ ಮಗ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ, ಮಾತು ಕಡಿಮೆ.

ಅಂದರೆ ಹುಡುಗಿಗೆ ಸೋದರತ್ತೆಯ ಮಗ. ನಮ್ಮಲ್ಲಿ ಹೆಣ್ಣು ಕೇಳುವ ಮೊದಲ ಹಕ್ಕು ಅವನದು. ಶ್ವೇತಾಳ ನಾಮಕರಣದ ಫೋಟೋ ತೆಗೆದವನು ನಾನೇ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಪಾರ್ವತಮ್ಮ, "ಇವ್ಳು ನನ್ ಸೊಸೆ ಕಣ್ರೀ, ನೆಟ್ಟಗೆ ತೆಗೀರಿ" ಎಂದಿದ್ದರು. ಮುಂದೆ ಹುಡುಗಿ ಓದಿದಳು, ಆ ಮಾತು ಎರಡೂ ಮನೆಯಲ್ಲಿ ಜಗಳವಿಲ್ಲದೆ ತಾನಾಗಿ ನಿಂತುಹೋಯಿತು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಬೇಡವಾದ ವರನಾಗಬೇಕಿದ್ದ ಗಂಡಿನ ಗೆಳೆಯ ಅಂದು ಬರಲಿಲ್ಲ. ಬಂಗಲೆಯನ್ನು ಮಧ್ಯಾಹ್ನದೊಳಗೆ ಬಿಟ್ಟುಕೊಡಬೇಕಿತ್ತು. ಕೋಟು ಬಸವರಾಜುವಿನ ಅಳತೆಗೆ ಸರಿಹೋಗುವಂತಿತ್ತು.

"ನಂಗೆ ಬರಲ್ಲ ಅಣ್ಣ. ಬ್ಯಾರೆ ಯಾರ್ನಾದ್ರೂ ಹಾಕ್ಕಳಿ" ಎಂದ.

"ತಮಾಷೆಗೆ ಕಣೋ. ಹೂ ಹಿಡ್ಕೊಂಡು ನಿಂತ್ಕೊ, ಅಷ್ಟೇ."

ಬಸು ಬೇಡ ಅಂಕಲ್ ಎಂದು ಶ್ವೇತಾ ಎರಡು ಸಲ ಹೇಳಿದಳು. ಬೇಲೂರಿನ ಹುಡುಗನಿಗೆ ಹಳೆಯದೇನೂ ತಿಳಿಯದು. ಬನ್ನಿ ಬ್ರದರ್ ಎಂದು ನಗುತ್ತ ತಾನೇ ಕೋಟಿನ ಗುಂಡಿ ಹಾಕಿದ. ಇನ್ನೂ ಒಲ್ಲೆನೆಂದರೆ ಒಳಗೇನೋ ಇದೆ ಎಂದಾಗುತ್ತದೆ. ಬಸವರಾಜು ಹೋಗಿ ನಿಂತ.

ಹುಡುಗಿ ಹೂ ತೆಗೆದುಕೊಳ್ಳದೆ ಅವನನ್ನು ದಾಟಿ ಹೋಗಬೇಕು, ದೃಶ್ಯ ಇಷ್ಟೇ. ಅವಳು ದಾಟಿದಳು. ನಾನು ಕ್ಲೋಸ್-ಅಪ್, ಅಂದರೆ ಪರದೆ ತುಂಬ ಮುಖವೊಂದೇ ಬರುವಂತೆ ತೆಗೆಯುತ್ತಿದ್ದೆ. ಅವನು ಅಭಿನಯಿಸಲಿಲ್ಲ. ಅವಳು ಹೋದ ಕಡೆ ನೋಡಿದ. ಹೂವನ್ನು ಏನು ಮಾಡುವುದೆಂದು ತಿಳಿಯದೆ ಎಡಗೈಗೆ ಬದಲಿಸಿಕೊಂಡ. ಆ ಮುಖದಲ್ಲಿ ಇದ್ದದ್ದು ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ಕ್ಯಾಮೆರಾ ಇಳಿಸಬೇಕಿತ್ತು. ಇಂಥ ಶಾಟ್ ಮತ್ತೆ ಸಿಗದು ಎಂದುಕೊಂಡು ಇನ್ನೂ ಹತ್ತಿರ ಹೋದೆ. ಎಡಿಟಿಂಗ್ ಮಾಡುವಾಗ ಅದನ್ನು ಸ್ಲೋ ಮೋಷನ್ ಮಾಡಿ, ಹಿಂದೆ ಒಡಕು ಪೀಪಿಯ ಸದ್ದು ಸೇರಿಸಿದೆ.

ಆರತಕ್ಷತೆಯಲ್ಲಿ ಛತ್ರಕ್ಕೆ ಛತ್ರವೇ ನಕ್ಕಿತು. ಗಂಡಿನ ಕಡೆಯ ಅಜ್ಜಿಯೊಬ್ಬರು ಆ ಹುಡುಗ ಯಾರೆಂದು ವಿಚಾರಿಸಿದರು. ಹೆಣ್ಣಿನ ಸೋದರತ್ತೆ ಮಗ ಎಂದು ಯಾರೋ ಹೇಳಿದರು.

"ಅದು ಆಟ ಅಲ್ಲ ಕಣ್ರವ್ವ," ಅಜ್ಜಿ ಗಟ್ಟಿಯಾಗಿಯೇ ಅಂದರು. "ಆ ಹುಡ್ಗನ ಮಖ ನೋಡಿ."

ನಗು ಸಾಲಿನಿಂದ ಸಾಲಿಗೆ ನಿಲ್ಲುತ್ತ ಹೋಯಿತು. ಬಸವರಾಜು ಊಟದ ಮನೆಯ ಬಾಗಿಲಲ್ಲಿ ನೀರಿನ ಜಗ್ ಹಿಡಿದು ನಿಂತಿದ್ದ. ಜನ ತಿರುಗಿ ನೋಡಿದರು. ಅವನು ಜಗ್ಗನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಪಾರ್ವತಮ್ಮ ಎದ್ದು ಮಗನ ಹಿಂದೆಯೇ ನಡೆದರು. ಬೆಳಿಗ್ಗೆ ಧಾರೆಯ ಹೊತ್ತಿಗೂ ತಾಯಿ ಮಗ ಬರಲಿಲ್ಲ. ಶಿವಣ್ಣನವರು ನನ್ನನ್ನು ಬೈಯಲಿಲ್ಲ. ಮಾತನಾಡಿಸಲೂ ಇಲ್ಲ.

ತಿಂಗಳಾದ ಮೇಲೆ ಜಾವಗಲ್ ಬಸ್ ಹತ್ತಿದೆ. ಅವನು ಮೋಟಾರಿಗೆ ತಂತಿ ಸುತ್ತುತ್ತ ಕೂತಿದ್ದ. ಆ ಭಾಗವನ್ನು ಅಳಿಸಿದ್ದೇನೆ ಎಂದೆ. ಅಷ್ಟರಲ್ಲಿ ಅದು ನೆಂಟರ ಮೊಬೈಲುಗಳಲ್ಲೆಲ್ಲ ಓಡಾಡಿತ್ತೆಂದು ಇಬ್ಬರಿಗೂ ಗೊತ್ತಿತ್ತು. ತಪ್ಪಾಯಿತು ಎಂದೆ.

"ಜನ ನಕ್ಕಿದ್ಕಲ್ಲ ಅಣ್ಣ, ನಗ್ಲಿ ಬಿಡಿ," ಅವನು ಕೈ ನಿಲ್ಲಿಸಲಿಲ್ಲ. "ನನ್ ಮನ್ಸಲ್ಲಿ ಇದ್ದಿದ್ದು ನಮ್ಮವ್ವಂಗೂ ಗೊತ್ತಿರ್ಲಿಲ್ಲ. ಶ್ವೇತಂಗೂ ಗೊತ್ತಿರ್ಲಿಲ್ಲ. ಈಗ ಮಾವನ್ ಮನೆಗೆ ಹೆಂಗ್ ಹೋಗ್ಲಿ?"

ಟೀ ತರಿಸಿದ. ಕುಡಿದು ಬಂದೆ. ಮುಂದೆ ಕಥೆಯ ಚಿತ್ರಗಳನ್ನು ಬಿಟ್ಟೆ, ಎರಡು ವರ್ಷಕ್ಕೆ ಸ್ಟುಡಿಯೊವನ್ನೂ ಮುಚ್ಚಿದೆ.

ಕಥೆಯಲ್ಲಿ ಬೇಡವಾದ ವರ ಪಕ್ಕಕ್ಕೆ ಸರಿದರೆ ಅವನ ಕೆಲಸ ಮುಗಿಯಿತು, ಆಮೇಲೆ ಎಲ್ಲಿಗೆ ಹೋದನೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅವನು ಮನೆಗೆ ಹೋಗಿ ತಾಯಿಯ ಮುಖ ನೋಡಬೇಕು, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕು. ಕ್ಯಾಮೆರಾಕ್ಕೆ ಕಂಡದ್ದನ್ನೆಲ್ಲ ತೋರಿಸುವ ಹಕ್ಕು ಅದನ್ನು ಹಿಡಿದವನಿಗಿಲ್ಲ ಎಂಬುದನ್ನು ನಲವತ್ತು ವರ್ಷದ ಕೆಲಸ ನನಗೆ ಕೊನೆಗೆ ಕಲಿಸಿತು.

ಮೂರು ವರ್ಷದ ಹಿಂದೆ ಬಸವರಾಜುವಿಗೆ ಬಾಣಾವರದ ಹುಡುಗಿಯೊಂದಿಗೆ ಮದುವೆಯಾಯಿತಂತೆ. ಫೋಟೋದವರನ್ನು ಕರೆಯಲೇ ಇಲ್ಲವಂತೆ, ಬಂದವರಿಗೂ ಮೊಬೈಲ್ ಒಳಗಿಡಿ ಎಂದನಂತೆ. ಅಂದು ಅವನ ಮುಖ ಹೇಗಿತ್ತೋ, ಅಲ್ಲಿದ್ದವರಷ್ಟೇ ಬಲ್ಲರು.